ಮದುವೆ ಮತ್ತ ಖುಷಿ: ಟಿ-ಟೆಸ್ಟ್ ಹಚ್ಚಬೇಕಾ, ಅನೋವಾ ಹಚ್ಚಬೇಕಾ?
ಕಲಬುರಗಿಯೊಳಗ ಎಂಎ ಪ್ರಾಜೆಕ್ಟ್ ಮಾಡ್ಲಾಕತ್ತಿದ ತಂಗಿ ಒಬ್ಬಾಕಿ ಕೇಳಿದ್ಳು, ಅಣ್ಣಾ, ಮದುವೆ ಆಗದವ್ರು, ಆದವ್ರು, ಗಂಡ ಇಲ್ಲಾ ಹೆಂಡ್ತಿ ತೀರಿಕೊಂಡವ್ರು, ಡೈವೋರ್ಸ್ ಆದವ್ರು ಅಂತ ನಾಕು ಗುಂಪಿನ ಖುಷಿ ಸ್ಕೋರ್ ಅದ, ಯಾವ ಟೆಸ್ಟ್ ಹಚ್ಚಲಿ ಅಂತ.

ಎರಡೆರಡು ಗುಂಪು ಹಿಡ್ದು ಟಿ-ಟೆಸ್ಟ್ (ಎರಡು ಗುಂಪಿನ ಸರಾಸರಿ ಹೋಲಿಸೋ ಟೆಸ್ಟ್) ಮಾಡೋದು ಸಸಾರ ಕಾಣ್ತದ, ಆದ್ರ ನಾಕು ಗುಂಪಿಗೆ 6 ಜೋಡಿ ಆಗ್ತಾವ, ಒಂದೊಂದಕ್ಕ 5% ತಪ್ಪಿನ ಚಾನ್ಸ್ ಅಂದ್ರ, ಜೋಡಿಗೋಳು ಒಂದಕ್ಕೊಂದು ಸಂಬಂಧ ಇಲ್ಲಂತ ಹಿಡಿದ್ರ, ಎಲ್ಲಾ ಕೂಡಿ ಒಂದಾದ್ರೂ ತಪ್ಪೋ ಚಾನ್ಸ್ ಸುಮಾರು 26% ಆಗ್ತದ. ಇಲ್ಲದ ಫರಕ್ ಅದ ಅಂತ ಬರೀಬೇಕಾಗ್ತದ. ಬ್ಯಾಡ.

ಅನೋವಾ ಎಲ್ಲಾ ಗುಂಪಿನ ಸರಾಸರಿ ಒಂದೇ ಸಲಕ್ಕ ನೋಡ್ತದ, ಗುಂಪು-ಗುಂಪಿನ ನಡುವಿನ ಫರಕ್ ದೊಡ್ಡದೋ ಗುಂಪಿನ ಒಳಗ ಮಂದಿ-ಮಂದಿ ನಡುವಿನ ಫರಕ್ ದೊಡ್ಡದೋ ಅಂತ, ಆ ಎರಡರ ಅನುಪಾತಾನೇ ಎಫ್. ಆದ್ರ ಯಾವ ಗುಂಪು ಬ್ಯಾರೆ ಅಂತ ಅದು ಹೇಳಂಗಿಲ್ಲ, ಅದಕ್ಕ ಆಮ್ಯಾಲ ಟ್ಯೂಕಿ ಟೆಸ್ಟ್ (ಒಟ್ಟು ತಪ್ಪಿನ ಚಾನ್ಸ್ ಹಿಡಿತದಾಗ ಇಟ್ಟು ಜೋಡಿ-ಜೋಡಿ ಹೋಲಿಸೋದು) ಮಾಡ್ಬೇಕು.

ನಾ ಆದ್ರ ವೆಲ್ಚ್ ಅನೋವಾನೇ (ಗುಂಪು-ಗುಂಪಿನ ಸ್ಕೋರ್ ಹರಡಿದ್ದು ಬ್ಯಾರೆ-ಬ್ಯಾರೆ ಇದ್ರೂ ನಡಿಯೋ ಅನೋವಾ) ಹಚ್ತೀನಿ. ನಮ್ ಕಡಿ ಸರ್ವೇಕ್ಕ ಹೋದ್ರ ಮದುವೆ ಆದವ್ರು ರಗಡ ಸಿಗ್ತಾರ, ಡೈವೋರ್ಸ್ ಆದವ್ರು ಬೆರಳೆಣಿಕೆ, ಅವ್ರ ಸ್ಕೋರ್ ಭಾಳ ಹರಡಿತ್ತಂದ್ರ ಸಾದಾ ಅನೋವಾ ದಾರಿ ತಪ್ಪಿಸ್ತದ. ವೆಲ್ಚ್ ಆದ್ಮ್ಯಾಲ ಗೇಮ್ಸ್-ಹೋವೆಲ್ (ಹಂಗೇ ಹರಡಿದ್ದು ಬ್ಯಾರೆ ಇದ್ರೂ ನಡಿಯೋ ಜೋಡಿ ಹೋಲಿಕೆ) ಮಾಡ್ರಿ, ಟ್ಯೂಕಿ ಅಲ್ಲ. ಸ್ಕೋರ್ ಬರೀ 1ರಿಂದ 5ರ ಒಂದೇ ಪ್ರಶ್ನೆ ಇದ್ರ ಕ್ರಸ್ಕಲ್-ವಾಲಿಸ್ (ಸ್ಕೋರ್ ಬದ್ಲಿ ಅದರ ಕ್ರಮಾಂಕ ನೋಡೋ ಟೆಸ್ಟ್) ನಡೀತದ.

ಇನ್ನೊಂದ್ ಮಾತು, ಸಂಗಾತಿ ತೀರಿಕೊಂಡವ್ರು ಹೆಚ್ಚಾಗಿ ವಯಸ್ಸಾದವ್ರೇ ಇರ್ತಾರ, ಅವ್ರ ಖುಷಿ ಕಮ್ಮಿ ಬಂದ್ರ ಅದು ಒಂಟಿತನಾನೋ ಮೊಣಕಾಲ್ ನೋವೋ ಗೊತ್ತಾಗಂಗಿಲ್ಲ, ಅದಕ್ಕ ವಯಸ್ಸೂ ಬರ್ಕೊಂಡು ಆಂಕೋವಾದೊಳಗ (ವಯಸ್ಸಿನಂಥಾದ್ದರ ಪರಿಣಾಮ ಲೆಕ್ಕಕ್ಕ ಹಿಡ್ದು ಗುಂಪು ಹೋಲಿಸೋ ಅನೋವಾ) ಸೇರಸ್ರಿ.