ಅಪ್ಪಯ್ಯನ 1100 ಮತ್ತು ಮೂರು ಬಿಎಲ್-5ಸಿ ಬ್ಯಾಟರಿಗಳು

ನೋಕಿಯಾ 1100 ಫೋನಿನ ಬಗ್ಗೆ ಹೊಸದಾಗಿ ಹೇಳುವುದೇನೂ ಇಲ್ಲ. ಟಾರ್ಚ್ ಇದೆ, ಕೆಳಗೆ ಬಿದ್ದರೆ ನೆಲಕ್ಕೇ ಪೆಟ್ಟು, ಇದೆಲ್ಲ ನಿಮಗೆ ಗೊತ್ತು. ನಾನು ಬರೆಯಲು ಕೂತಿರುವುದು ಅದರ ಬೆನ್ನಿನಲ್ಲಿ ಕೂರುವ ಬ್ಯಾಟರಿಯ ಬಗ್ಗೆ. ಬಿಎಲ್-5ಸಿ. ಬೆಂಕಿಪೊಟ್ಟಣಕ್ಕಿಂತ ತೆಳ್ಳಗಿನ ಒಂದು ಬಿಲ್ಲೆ.

ಫೋನ್ ಕೊಡಿಸಿದ್ದು 2006ರ ದೀಪಾವಳಿಗೆ. ಎರಡು ಸಾವಿರದ ಚಿಲ್ಲರೆ ಆಗಿತ್ತು, ನನ್ನ ಆಗಿನ ಸಂಬಳಕ್ಕೆ ಅದೂ ಭಾರವೇ. ಅಪ್ಪಯ್ಯ ಮೊದಮೊದಲು ಬೇಡ ಎಂದರು. ಒಂದು ರಾತ್ರಿ ಕರೆಂಟ್ ಹೋದಾಗ ಸಿ ಗುಂಡಿ ಒತ್ತಿ ಹಿಡಿದು ಟಾರ್ಚ್ ಹೊತ್ತಿಸಿ ತೋರಿಸಿದೆ. ಅವತ್ತಿನಿಂದ ಅದು ಅವರ ಅಂಗಿ ಜೇಬು ಬಿಟ್ಟು ಕದಲಲಿಲ್ಲ. ಶಿರಸಿ ಕಡೆಯ ಮಳೆ ಗೊತ್ತಲ್ಲ, ಮಳೆಗಾಲದಲ್ಲಿ ಹಾಲಿನ ಪ್ಯಾಕೆಟ್ ತೊಳೆದು ಒಣಗಿಸಿ ಅದರೊಳಗೆ ಫೋನ್ ಸೇರಿಸುತ್ತಿದ್ದರು. ಕೊಟ್ಟಿಗೆಗೆ ಹೋಗಿ ದನ ನೋಡಿಕೊಂಡು ಬರುವುದು, ತೋಟದಲ್ಲಿ ಏನೋ ಸದ್ದಾಯಿತೆಂದು ಎದ್ದು ಹೋಗುವುದು, ಎಲ್ಲಕ್ಕೂ ಅದೇ ಬೆಳಕು.

ಫೋನ್ ಮೊಂಡು ಹಿಡಿದರೆ ಮುಚ್ಚಳ ತೆಗೆದು, ಉಗುರು ಸಂದಿಗೆ ಕೊಟ್ಟು ಬ್ಯಾಟರಿ ಎಬ್ಬಿಸಿ, ತಾಮ್ರದ ಮೂರು ಚುಕ್ಕಿಗಳನ್ನು ಪಂಚೆ ಚುಂಗಿನಲ್ಲಿ ಒರೆಸಿ, ವಾಪಸ್ ಕೂರಿಸುತ್ತಿದ್ದರು. ಹತ್ತರಲ್ಲಿ ಒಂಬತ್ತು ಸಲ ಸರಿಹೋಗುತ್ತಿತ್ತು. ಆಗಿನ ದುಬಾರಿ ಸ್ಮಾರ್ಟ್‌ಫೋನ್‌ಗಳಾದ ನೋಕಿಯಾ 6600, ಎನ್70ಗೂ ಇದೇ ಬ್ಯಾಟರಿ. ಎನ್70 ಇಟ್ಟುಕೊಂಡಿದ್ದ ಭಾವ ಊರಿಗೆ ಬಂದಾಗ ಚಾರ್ಜ್ ಮುಗಿದು ಅಪ್ಪಯ್ಯನ ಬ್ಯಾಟರಿ ಸಾಲ ಕೇಳಿದ್ದುಂಟು. ಕೊಡುವಾಗ ಅಪ್ಪಯ್ಯನ ಮುಖ ನೋಡಬೇಕಿತ್ತು, ಹಿತ್ತಲಿನ ಕರಿಬೇವು ಕೊಟ್ಟಷ್ಟು ಗತ್ತು.

ಹೀಗಿರುವಾಗ 2007ರ ಆಗಸ್ಟ್ 14 ಬಂತು. ಬಿಎಲ್-5ಸಿ ಬ್ಯಾಟರಿಗಳಲ್ಲಿ ಕೆಲವು ಚಾರ್ಜ್ ಮಾಡುವಾಗ ಒಳಗೇ ಶಾರ್ಟ್ ಆಗಿ ವಿಪರೀತ ಬಿಸಿಯಾಗಬಹುದು ಎಂದು ನೋಕಿಯಾ ಪ್ರಕಟಿಸಿತು. ಜಪಾನಿನ ಮತ್ಸುಶಿತಾ ಕಂಪನಿ 2005ರ ಡಿಸೆಂಬರ್‌ನಿಂದ 2006ರ ನವೆಂಬರ್‌ವರೆಗೆ ಮಾಡಿದ್ದ 4.6 ಕೋಟಿ ಬ್ಯಾಟರಿಗಳ ವಿಷಯ ಅದು. ಅಂಥದ್ದಿದ್ದರೆ ತಂದು ಕೊಡಿ, ಹೊಸದನ್ನು ಪುಕ್ಕಟೆ ಕೊಡುತ್ತೇವೆ ಎಂದರು. ಪ್ರಪಂಚದಾದ್ಯಂತ ಬಿಸಿಯಾದ ಪ್ರಕರಣ ಆಗ ನೂರರ ಆಸುಪಾಸು, ದೊಡ್ಡ ಗಾಯ ಯಾರಿಗೂ ಆಗಿರಲಿಲ್ಲ. ಆದರೆ ನಮ್ಮೂರಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಜೇಬಿನಲ್ಲಿ ಬಾಂಬ್ ಎಂದಾಗಿತ್ತು. ಪಕ್ಕದ ಮನೆಯವರು ಫೋನನ್ನು ಬಾವಿಕಟ್ಟೆ ಮೇಲೆ ಇಟ್ಟು ಮಲಗುತ್ತಿದ್ದರಂತೆ.

ನಾನು ಬೆಂಗಳೂರಿನಲ್ಲಿದ್ದೆ. ಬ್ಯಾಟರಿಯ ಹಿಂದೆ 26 ಅಕ್ಷರ-ಅಂಕಿಗಳ ಗುರುತು ಇರುತ್ತದೆ, ಅದನ್ನು ಕಂಪನಿಯ ವೆಬ್‌ಸೈಟ್‌ನಲ್ಲಿ ಹಾಕಿದರೆ ಬದಲಾಯಿಸಬೇಕೋ ಬೇಡವೋ ಹೇಳುತ್ತದೆ. ಸೈಬರ್ ಕೆಫೆಯಲ್ಲಿ ಕೂತು ಅಪ್ಪಯ್ಯನಿಗೆ ಫೋನ್ ಮಾಡಿ, "ಬ್ಯಾಟರಿ ಹಿಂದೆ ನಂಬರ್ ಇದೆ, ಓದಿ" ಎಂದೆ. "ತಡಿ" ಎಂದರು. ಲೈನ್ ಕಟ್ ಆಯಿತು. ಮತ್ತೆ ಮಾಡಿದರೆ ಸ್ವಿಚ್ ಆಫ್. ಎರಡು ನಿಮಿಷ ನನ್ನ ಎದೆ ಹೊಡೆದುಕೊಂಡಿತು. ಆಮೇಲೆ ಹೊಳೆಯಿತು. ಮಾತಾಡುತ್ತಿದ್ದ ಫೋನಿನದೇ ಬ್ಯಾಟರಿ ತೆಗೆದಿದ್ದಾರೆ ಪುಣ್ಯಾತ್ಮ!

ಕಡೆಗೆ ಲ್ಯಾಂಡ್‌ಲೈನ್‌ನಿಂದ ಓದಿ ಹೇಳಿದರು. ಕನ್ನಡಕ ಹಾಕಿಕೊಂಡು, ಕ್ಯಾಲೆಂಡರ್ ಹಿಂದೆ ಬರೆದುಕೊಂಡು. ಒಂದು ಕಡೆ ಸೊನ್ನೆಯೋ ಓ ಅಕ್ಷರವೋ ತಿಳಿಯಲಿಲ್ಲ. ಎರಡನ್ನೂ ಹಾಕಿ ನೋಡಿದೆ. ನಮ್ಮದು ಆ 4.6 ಕೋಟಿಯಲ್ಲಿ ಇರಲಿಲ್ಲ. ಅರ್ಧ ಗಂಟೆಯ ಸೈಬರ್ ದುಡ್ಡು ಕೊಟ್ಟು ಎದ್ದು ಬಂದೆ.

ಆದರೆ ಅಪ್ಪಯ್ಯನಿಗೆ ಒಂದು ಅಭ್ಯಾಸ ಅಂಟಿಕೊಂಡುಬಿಟ್ಟಿತು. ರಾತ್ರಿ ಊಟ ಆಗಿ, ಎಲೆ ಅಡಿಕೆ ಹಾಕಿ, ಫೋನ್ ಚಾರ್ಜಿಗೆ ಇಟ್ಟು, ಹತ್ತು ನಿಮಿಷಕ್ಕೊಮ್ಮೆ ಅದರ ಬೆನ್ನಿಗೆ ಅಂಗೈ ಒತ್ತಿ ನೋಡುವುದು. ಮಗುವಿಗೆ ಜ್ವರ ಇದೆಯಾ ಅಂತ ಹಣೆ ಮುಟ್ಟುತ್ತಾರಲ್ಲ, ಹಾಗೆ. ಬೆಚ್ಚಗಿದ್ದರೆ ಸರಿ. ಬಿಸಿ ಎನಿಸಿದರೆ ವೈರ್ ಕಿತ್ತು ಒಂದು ಗಂಟೆ ಬಿಡುವುದು. ನಾವೆಲ್ಲ ನಗುತ್ತಿದ್ದೆವು. ನೂರು ಪ್ರಕರಣಕ್ಕೆ 4.6 ಕೋಟಿ ಬ್ಯಾಟರಿ ಎಂದರೆ ಸುಮಾರು 4.6 ಲಕ್ಷಕ್ಕೊಂದು ಎಂದು ಲೆಕ್ಕ ಹಾಕಿ ತೋರಿಸಿದೆ. "ಆ ಒಂದು ಯಾರ ಮನೇಲಿದೆ ಅಂತ ಬರೆದಿದಾರಾ?" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೊದಲ ಬ್ಯಾಟರಿ ಐದು ವರ್ಷ ದುಡಿಯಿತು. ಕೊನೆಕೊನೆಗೆ ಬೆಳಿಗ್ಗೆ ತುಂಬಿಸಿದರೆ ಮಧ್ಯಾಹ್ನಕ್ಕೆ ಖಾಲಿ. ಇಲ್ಲಿಯವರೆಗೆ ಐದಕ್ಕೆ ಐದು ಅಂಕ. ಮುಂದಿನ ಕಥೆಗೆ ಸೊನ್ನೆ, ಅದರಲ್ಲಿ ಅರ್ಧ ತಪ್ಪು ನನ್ನದೇ.

ಅಸಲಿ ಬ್ಯಾಟರಿ ತುಟ್ಟಿ ಎಂದು ಪೇಟೆಯ ಒಂದು ಅಂಗಡಿಯಲ್ಲಿ ಎಂಬತ್ತು ರೂಪಾಯಿಯದು ತಂದೆ. ಅದೇ ಬಣ್ಣ, ಅದೇ ಅಕ್ಷರ. ಮೂರೇ ತಿಂಗಳು. ಒಂದು ರಾತ್ರಿ ಅಪ್ಪಯ್ಯ ಅಂಗೈ ಇಟ್ಟವರು ಸರಕ್ಕನೆ ತೆಗೆದರು. ಮುಚ್ಚಳ ಎದ್ದು ನಿಂತಿತ್ತು. ಚಾರ್ಜರ್ ಕಿತ್ತು, ಅಡುಗೆಮನೆಯ ಇಕ್ಕಳದಲ್ಲಿ ಬ್ಯಾಟರಿ ಹಿಡಿದು, ಅಂಗಳದಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇಟ್ಟು ಬಂದರು. ರಾತ್ರಿಯಿಡೀ ಜಗುಲಿಯಲ್ಲಿ ಕೂತು ಅದನ್ನೇ ನೋಡುತ್ತಿದ್ದರು ಅಂತ ಅಮ್ಮ ಹೇಳಿದಳು. ಏನೂ ಆಗಲಿಲ್ಲ, ಪುಣ್ಯ. ಬೆಳಿಗ್ಗೆ ನೋಡಿದರೆ ಉದ್ದಿನ ಹಪ್ಪಳ ಎಣ್ಣೆಯಲ್ಲಿ ಉಬ್ಬಿದ ಹಾಗಿತ್ತು.

ಬ್ಯಾಟರಿಯೊಳಗೆ ಎರಡು ತೆಳು ಹಾಳೆಗಳು ಸುತ್ತಿರುತ್ತವೆ, ನಡುವೆ ಇನ್ನೂ ತೆಳುವಾದ ಒಂದು ಪರದೆ. ಪರದೆ ಹರಿದರೆ ಹಾಳೆಗಳು ಮುಟ್ಟಿಕೊಂಡು ಬಿಸಿ, ಆ ಬಿಸಿಗೆ ಇನ್ನಷ್ಟು ಬಿಸಿ. ಜಾಸ್ತಿ ಚಾರ್ಜ್ ಆದರೆ ಒಳಗಿನ ದ್ರವ ಕೆಟ್ಟು ಗಾಳಿಯಾಗಿ ಹೊಟ್ಟೆ ಉಬ್ಬುತ್ತದೆ. ಹಾಗಾಗದಿರಲಿ ಎಂದು ತುದಿಯಲ್ಲಿ ಒಂದು ಪುಟ್ಟ ಸರ್ಕ್ಯೂಟ್ ಇಡುತ್ತಾರೆ. ಅಗ್ಗದ ಮಾಲಿನಲ್ಲಿ ಉಳಿತಾಯ ಮಾಡುವುದೇ ಅಲ್ಲಿ.

ಜಗಳಕ್ಕೆಂದೇ ಅಂಗಡಿಗೆ ಹೋದೆ. ಅಂಗಡಿಯವನು ಬ್ಯಾಟರಿಯನ್ನು ಗಾಜಿನ ಮೇಲಿಟ್ಟು ಬೆರಳಲ್ಲಿ ಒಂದು ಸುತ್ತು ತಿರುಗಿಸಿದ. ಬುಗುರಿಯ ಹಾಗೆ ತಿರುಗಿತು. "ಹೋಯ್ತು ಸಾರ್ ಇದು" ಎಂದು ನನಗೇ ಪಾಠ ಹೇಳಿದ. ಈ ಪರೀಕ್ಷೆ ಮಾತ್ರ ನೆನಪಿಡಿ, ಹಳೆ ಬ್ಯಾಟರಿ ಇರುವವರು. ಚಪ್ಪಟೆ ಮೇಜಿನ ಮೇಲೆ ಸರಾಗ ತಿರುಗಿದರೆ ಮುಗಿಯಿತು, ಚಾರ್ಜಿಗೆ ಹಾಕಬೇಡಿ. ಚುಚ್ಚಿ ನೋಡುವ ಕೆಲಸವಂತೂ ಬೇಡವೇ ಬೇಡ.

ಆಮೇಲೆ ಅವನು ಬದಲಿ ಕೊಡಲು ಡಬ್ಬ ತೆಗೆದ. ಒಂದೊಂದನ್ನೇ ತಿರುಗಿಸಿ ಹಿಂದಿನ ನಂಬರ್ ನೋಡಿದೆ. ಐದು ಬ್ಯಾಟರಿ ನೋಡಿದೆ. ಐದಕ್ಕೂ ಒಂದೇ ನಂಬರ್. ನಮ್ಮ ಅಂಗಳದಲ್ಲಿ ಮಲಗಿದ್ದದ್ದಕ್ಕೂ ಅದೇ! 2007ರಲ್ಲಿ ಹೆದರಿ ಸತ್ತೆವಲ್ಲ, ಆ ಬ್ಯಾಟರಿಗೆ ಅಪ್ಪ ಅಮ್ಮ ಇದ್ದರು, ಹುಟ್ಟಿದ ತಿಂಗಳು ಗೊತ್ತಿತ್ತು. ಇದನ್ನು ವಾಪಸ್ ಕರೆಯಿರಿ ಅಂತ ಯಾರಿಗೆ ಹೇಳಲಿ? ಮಾಡಿದವರು ಯಾರು ಅಂತ ಮಾರಿದವನಿಗೇ ಗೊತ್ತಿಲ್ಲ. ದುಡ್ಡೂ ಬೇಡ ಬ್ಯಾಟರಿಯೂ ಬೇಡ ಎಂದು ಬಂದೆ.

ಮೂರನೆಯದನ್ನು ಅಸಲಿ ಎಂದು ಖಾತ್ರಿ ಮಾಡಿಕೊಂಡು, ಬಿಲ್ ಸಮೇತ ತಂದೆ. ಅಸಲಿ ಎಂಬ ಗುರುತಿಗೆ ಅಂಟಿಸಿದ ಹೊಳೆಯುವ ಹಾಲೋಗ್ರಾಮ್ ಚೀಟಿ ಓರೆ ಮಾಡಿದರೆ ಎರಡು ಕೈಗಳ ಚಿತ್ರ ಕಾಣುತ್ತದೆ ಅಂತ ಅಪ್ಪಯ್ಯ ಬಿಸಿಲಿಗೆ ಹಿಡಿದು ಹಿಡಿದು ನೋಡಿದರು. ಬೆಲೆ ಎಂಬತ್ತರ ಎಷ್ಟೋ ಪಟ್ಟು. ಅದು ಈಗ ಫೋನಿನಲ್ಲಿಲ್ಲ, ಅಡುಗೆಮನೆಯ ಎಫ್‌ಎಂ ರೇಡಿಯೊದಲ್ಲಿದೆ. ಪೇಟೆಯಲ್ಲಿ ಸಿಗುವ ಎಷ್ಟೋ ಸಣ್ಣ ರೇಡಿಯೊ, ಭಜನೆ ಡಬ್ಬಗಳು ಇವತ್ತಿಗೂ ಇದೇ ಅಳತೆಯ ಬ್ಯಾಟರಿ ಕೇಳುತ್ತವೆ. ಬೆಳಗಿನ ಕೃಷಿ ಕಾರ್ಯಕ್ರಮಕ್ಕೆ ಸಾಕಾಗುವಷ್ಟು ಜೀವ ಇನ್ನೂ ಇದೆ. ತಿಂಗಳಿಗೊಮ್ಮೆ ಮೇಜಿನ ಮೇಲೆ ತಿರುಗಿಸಿ ನೋಡುತ್ತೇವೆ. ಇದುವರೆಗೆ ಅರ್ಧ ಸುತ್ತೂ ತಿರುಗಿಲ್ಲ.

2016ರಲ್ಲಿ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ನೋಟ್ 7 ವಾಪಸ್ ಕರೆದಾಗ ಇದೆಲ್ಲ ನೆನಪಾಯಿತು. ಸೆಪ್ಟೆಂಬರ್ 2ರ ಹೊತ್ತಿಗೆ 25 ಲಕ್ಷ ಫೋನು. ಬದಲಿ ಕೊಟ್ಟವೂ ಹೊತ್ತಿಕೊಂಡವು, ಅಕ್ಟೋಬರ್‌ನಲ್ಲಿ ತಯಾರಿಕೆಯನ್ನೇ ನಿಲ್ಲಿಸಿದರು. ನಮ್ಮ ದೇಶದಲ್ಲಿ 59,900 ರೂಪಾಯಿಗೆ ಬರಬೇಕಿದ್ದದ್ದು ಅಂಗಡಿಗೇ ಬರಲಿಲ್ಲ. ಆ ದುಡ್ಡಿನ ಫೋನ್ ನನ್ನ ಜೇಬಿನ ಮಾತಲ್ಲ ಬಿಡಿ. ಆದರೆ ಅಲ್ಲಿ ತಪ್ಪು ಬ್ಯಾಟರಿಯದು, ಹೋಗಿದ್ದು ಇಡೀ ಫೋನು. ನಮಗೆ ಬಿಲ್ಲೆಯೊಂದನ್ನು ಬದಲಾಯಿಸಿದ್ದರೆ ಸಾಕಾಗುತ್ತಿತ್ತು.

ಹಾಗಾಗಿ ಅಸಲಿ ಬಿಎಲ್-5ಸಿಗೆ ನನ್ನ ಕಡೆಯಿಂದ ಐದಕ್ಕೆ ನಾಲ್ಕೂವರೆ. ಅರ್ಧ ಕಳೆದಿದ್ದು ಬೆಲೆಗೆ. ಡೂಪ್ಲಿಕೇಟಿಗೆ ಅಂಕ ಕೊಡುವ ಪ್ರಶ್ನೆಯೇ ಇಲ್ಲ.

ಹೋದ ವಾರ ಊರಿಗೆ ಹೋಗಿದ್ದೆ. ನನ್ನ ಈಗಿನ ಫೋನನ್ನು ಜಗುಲಿಯಲ್ಲಿ ಚಾರ್ಜಿಗೆ ಇಟ್ಟು ಊಟಕ್ಕೆ ಕೂತೆ. ಕೈ ತೊಳೆದು ಬಂದು ನೋಡಿದರೆ ಅಪ್ಪಯ್ಯ ಅದರ ಬೆನ್ನಿನ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದಾರೆ.

"ಬಿಸಿ ಇದ್ಯಲ್ಲೋ. ಬ್ಯಾಟರಿ ತೆಗೆದಿಡು."

"ಇದರಲ್ಲಿ ತೆಗೆಯೋಕೆ ಬರಲ್ಲ ಅಪ್ಪಯ್ಯ."

ಅವರು ನಂಬಲಿಲ್ಲ. ವೈರ್ ಕಿತ್ತು, ಫೋನನ್ನು ದೀಪದ ಕೆಳಗೆ ಹಿಡಿದು, ಹೆಬ್ಬೆರಳಿನ ಉಗುರಿನಲ್ಲಿ ಸುತ್ತಲೂ ಸಂದಿ ಹುಡುಕತೊಡಗಿದರು.