ಸ್ಪ್ಯಾಮ್‌ಕಾಪ್: ಮೂರು ವರ್ಷ ಬಳಸಿದ ಮೇಲೆ

ಮಂಗಳೂರಿನ ಹಂಪನಕಟ್ಟೆಯಲ್ಲಿ ನಮ್ಮದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್. ಮದುವೆ ಕಾಗದ, ಬಿಲ್ ಬುಕ್, ಯಕ್ಷಗಾನದ ಹ್ಯಾಂಡ್‌ಬಿಲ್, ಎಲ್ಲದರ ಮ್ಯಾಟರ್ ಈಮೇಲ್‌ಗೇ ಬರುವುದು. ವಿಳಾಸವನ್ನು ಬೋರ್ಡಿನಲ್ಲೂ ರಶೀದಿಯಲ್ಲೂ ಹಾಕಿದ ಮೇಲೆ ಕೇಳಬೇಕೇ? ಬೆಳಿಗ್ಗೆ ಶಟರ್ ಎತ್ತುವಷ್ಟರಲ್ಲಿ ಸಾಲ, ಲಾಟರಿ, ‘ನಿಮ್ಮ ಇನ್‌ವಾಯ್ಸ್ ಬಾಕಿ’ ಅಂತ ಮೂವತ್ತು ನಲ್ವತ್ತು ಬಿದ್ದಿರುತ್ತವೆ. ಅದರ ನಡುವೆ ಒಂದು ಆಮಂತ್ರಣದ ಫೈಲ್ ಕಾಣದೆ ಹೋಗಿ ಮಂಡೆಬಿಸಿಯಾದ ಮೇಲೆಯೇ ಇದಕ್ಕೆ ಕೈ ಹಾಕಿದ್ದು.

ಬೇಡದ ಮೇಲ್, ಅಂದರೆ ಸ್ಪ್ಯಾಮ್, ಎಲ್ಲಿಂದ ಬಂತೆಂದು ಹುಡುಕಿ ದೂರು ಕೊಡಲು 1998ರಲ್ಲಿ ಶುರುವಾಗಿ ಈಗ ಸಿಸ್ಕೋ ಕಂಪನಿಯ ಕೈಯಲ್ಲಿರುವ ಉಚಿತ ಸೇವೆ. ಜಿಮೇಲ್‌ನಲ್ಲಿ ಮೂರು ಚುಕ್ಕಿ ಒತ್ತಿ ‘ಶೋ ಒರಿಜಿನಲ್’ ತೆಗೆದು, ಇಡೀ ಪಠ್ಯವನ್ನು ಇಲ್ಲಿ ಅಂಟಿಸಬೇಕು. ಅದು ಹೆಡರಿನ, ಅಂದರೆ ಮೇಲ್ ಬಂದ ದಾರಿಯನ್ನು ಬರೆದಿಟ್ಟ ತಲೆಭಾಗದ, ‘ರಿಸೀವ್ಡ್’ ಸಾಲುಗಳನ್ನು ಓದುತ್ತದೆ. ದಾರಿಯ ಪ್ರತಿ ಸರ್ವರೂ ತನ್ನ ಸಾಲನ್ನು ಮೇಲ್ಗಡೆ ಸೇರಿಸುವುದರಿಂದ, ಮೇಲಿನದ್ದು ನಮ್ಮ ಕಡೆಯದು, ನಂಬಬಹುದು. ಕೆಳಗಿನದ್ದನ್ನು ಕಳಿಸಿದವನೇ ಗೀಚಿರಬಹುದು. ಒಮ್ಮೆ ಬ್ಯಾಂಕಿನ ಹೆಸರಲ್ಲಿ ಬಂದ ಮೇಲ್‌ನ ಕೊನೇ ಸಾಲಿನಲ್ಲಿ ಬ್ಯಾಂಕಿನದೇ ಹೆಸರಿತ್ತು. ನಮ್ಮ ಸರ್ವರ್ ಬರೆದುಕೊಂಡ ಐಪಿ ನಂಬರು (ಇಂಟರ್ನೆಟ್ಟಿನಲ್ಲಿ ಕಂಪ್ಯೂಟರಿನ ವಿಳಾಸ) ಮಾತ್ರ ಯಾವುದೋ ದೇಶದ ಬಾಡಿಗೆ ಸರ್ವರಿನದು. ಆ ನಂಬರಿನ ವಾರಸುದಾರರಿಗೆ ದೂರು ಕಳಿಸುವ ವಿಳಾಸವನ್ನು ಈ ಸೇವೆಯೇ ಹುಡುಕಿ, ಪತ್ರವನ್ನೂ ಸಿದ್ಧ ಮಾಡಿ ಕೊಡುತ್ತದೆ. ದೂರಿನಲ್ಲಿ ನಮ್ಮ ವಿಳಾಸ ಮರೆಸಲಿಕ್ಕೂ ಉಂಟು.

ಕಳಿಸುವ ಗುಂಡಿ ಒತ್ತುವ ಮುಂಚೆ ಓದಿ. ನಾನು ಓದಲಿಲ್ಲ. ಮಳೆಗಾಲ, ಕರೆಂಟ್ ಹೋಗಿ ಯುಪಿಎಸ್ ಕೂಗುತ್ತಿತ್ತು, ಸಾಲಾಗಿ ಒತ್ತುತ್ತಾ ಹೋದೆ. ವಾರದ ಮೇಲೆ ನಮಗೆ ಪೇಪರ್ ಕೊಡುವ ವ್ಯಾಪಾರಿಯ ಫೋನು: “ಎಂತ ಮಾರಾಯ್ರೆ, ಯಾರೋ ನಮ್ಮ ರೇಟ್ ಲಿಸ್ಟನ್ನೇ ಸ್ಪ್ಯಾಮ್ ಅಂತ ಕಂಪ್ಲೇಂಟ್ ಕೊಟ್ಟಿದ್ದಾರಂತೆ!” “ಹೌದಾ? ಎಂಥೆಂಥ ಜನ ಉಂಟು ಮಾರಾಯ್ರೆ” ಎಂದು ಮಾತು ತೇಲಿಸಿದೆ. ವಿಳಾಸ ಮರೆಸಿದ್ದಕ್ಕೆ ಬಚಾವ್.

ಇನ್‌ಬಾಕ್ಸ್ ಖಾಲಿಯಾಗುತ್ತದೆಂದು ಇದಕ್ಕೆ ಸೇರಬೇಡಿ. ಅದು ಫಿಲ್ಟರಿನ ಕೆಲಸ. ದೂರು ಹೋದ ಕಡೆಗಳಿಂದ ನನಗೆ ಉತ್ತರ ಬಂದದ್ದು ಬೆರಳೆಣಿಕೆಯಷ್ಟು. ಜಿಮೇಲ್ ಪುಟದಿಂದಲೇ ಕಳಿಸಿದ ಸ್ಪ್ಯಾಮ್ ಆದರೆ ಜಾಡು ಗೂಗಲ್ ಬಾಗಿಲಿಗೇ ನಿಲ್ಲುತ್ತದೆ, ಕಳಿಸಿದವನ ಮನೆಯವರೆಗೆ ಹೋಗುವುದಿಲ್ಲ. ಆದರೆ ಇಲ್ಲಿನ ದೂರುಗಳಿಂದಲೇ ಒಂದು ಕಪ್ಪುಪಟ್ಟಿ ತಯಾರಾಗುತ್ತದೆ, ಬೇರೆಯವರ ಸರ್ವರ್‌ಗಳು ಅದನ್ನು ನೋಡಿ ಮೇಲ್ ತಡೆಯುತ್ತವೆ. ನನ್ನ ಐದು ನಿಮಿಷ ಅಲ್ಲಿಗೆ ಸಂದಾಯ.

ಹಣವೇ ಹೋಗಿದ್ದರೆ ಹೆಡರ್ ಅಂಟಿಸುತ್ತ ಕೂರಬೇಡಿ, ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ನಾಲ್ಕು ಸ್ಟಾರ್. ಎರಡು ದಿನ ದಾಟಿದ ಮೇಲ್‌ನ ದೂರು ಇಲ್ಲಿ ತೆಗೆದುಕೊಳ್ಳುವುದಿಲ್ಲ. ದೀಪಾವಳಿಗೆ ಮೂರು ದಿನ ಬಾಗಿಲು ಹಾಕುವ ನಮ್ಮಂಥವರಿಗೆ ಐದನೆಯದು ಅಲ್ಲಿ ಹೋಯಿತು.