ನಾಯಿ ಚಾಕೊಲೇಟ್ ತಿಂದಾಗ ಮೆಡಿಕಲ್ ಶಾಪಿನ ಪೆರಾಕ್ಸೈಡ್, ಇದ್ದಿಲು ಮಾತ್ರೆ: ಎಷ್ಟು ನಂಬಬಹುದು?

ಬಳ್ಳಾರಿಯ ಮೆಡಿಕಲ್ ಶಾಪಿನಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಕೇಳಿದರೆ ಗಾಯ ತೊಳೆಯುವ 100 ಮಿಲಿ ಬಾಟಲಿ ಕೈಗೆ ಕೊಡುತ್ತಾರೆ. ನಾಯಿ ಚಾಕೊಲೇಟ್ ತಿಂದರೆ ಇದನ್ನು ಕುಡಿಸಿ ವಾಂತಿ ಮಾಡಿಸಿ ಎಂದು ಮೊಬೈಲಿನಲ್ಲಿ ಓದಿದವರು ಅದನ್ನು ಹಾಗೇ ಬಾಯಿಗೆ ಸುರಿಯುತ್ತಾರೆ. ಎಡವಟ್ಟಾಗುವುದೇ ಇಲ್ಲಿ. ಆ ಬರಹಗಳಲ್ಲಿರುವ ಅಳತೆ ಶೇ. 3ರ ದ್ರಾವಣಕ್ಕೆ, ನಮ್ಮ ಕಡೆ ಹೆಚ್ಚಾಗಿ ಸಿಗುವುದು ಶೇ. 6ರದ್ದು. ಲೇಬಲ್ ಮೇಲೆ ಸಣ್ಣಕ್ಷರದಲ್ಲಿ ‘20 ವಾಲ್ಯೂಮ್’ ಅಂತ ಇದ್ದರೆ ಅದೇ ಶೇ. 6 ಎಂದು ತಿಳಿಯಿರಿ. 10 ವಾಲ್ಯೂಮ್ ಅಂದರೆ ಶೇ. 3. ಬ್ಯೂಟಿ ಪಾರ್ಲರಿನಲ್ಲಿ ಕೂದಲಿಗೆ ಹಚ್ಚುವ 30, 40 ವಾಲ್ಯೂಮಿನದನ್ನು ನಾಯಿಯ ಹತ್ತಿರವೂ ತರಬೇಡಿ, ಅನ್ನನಾಳ ಸುಟ್ಟುಹೋಗುತ್ತದೆ.

ಬಾಟಲಿ ತೆರೆಯುವ ಮೊದಲು ಲೆಕ್ಕ ಹಾಕಿ. ಚಾಕೊಲೇಟಿನಲ್ಲಿ ನಾಯಿಗೆ ವಿಷವಾಗುವುದು ಥಿಯೋಬ್ರೊಮಿನ್ ಎಂಬ ಅಂಶ. ಅದು ನಾಯಿಯ ಮೈಯಿಂದ ಬಹಳ ನಿಧಾನವಾಗಿ ಇಳಿಯುತ್ತದೆ, ಅರ್ಧ ಇಳಿಯಲಿಕ್ಕೇ ಸುಮಾರು 17 ಗಂಟೆ ಬೇಕು. ಮಿಲ್ಕ್ ಚಾಕೊಲೇಟಿನಲ್ಲಿ ಗ್ರಾಮಿಗೆ ಸುಮಾರು 2 ಮಿಲಿಗ್ರಾಂ, ಡಾರ್ಕ್ ಚಾಕೊಲೇಟಿನಲ್ಲಿ 5 ಅಥವಾ ಅದಕ್ಕಿಂತ ಹೆಚ್ಚು, ಕೇಕಿಗೆ ಹಾಕುವ ಕೋಕೋ ಪುಡಿಯಲ್ಲಿ 20ಕ್ಕೂ ಮೀರಿ ಇರುತ್ತದೆ. ಬಿಳಿ ಚಾಕೊಲೇಟಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ನಾಯಿಯ ತೂಕದ ಕೆಜಿಗೆ 20 ಮಿಲಿಗ್ರಾಂ ಆದರೆ ವಾಂತಿ, ಭೇದಿ, ಚಡಪಡಿಕೆ. 40–50ಕ್ಕೆ ಎದೆಬಡಿತ ತಾಳ ತಪ್ಪುತ್ತದೆ. 60ರ ಮೇಲೆ ಫಿಟ್ಸ್ ಬರಬಹುದು.

ಹಾಗಾಗಿ 20 ಕೆಜಿಯ ಮುಧೋಳ ನಾಯಿ 50 ಗ್ರಾಂ ಮಿಲ್ಕ್ ಚಾಕೊಲೇಟ್ ತಿಂದರೆ ಕೆಜಿಗೆ ಬೀಳುವುದು 5 ಮಿಲಿಗ್ರಾಂ. ಅದಕ್ಕೆ ಪೆರಾಕ್ಸೈಡ್ ಕುಡಿಸುವುದು ಇಲಿ ಹೊಡೆಯಲು ಮನೆಗೆ ಬೆಂಕಿ ಇಟ್ಟಂತೆ. ಹೊಟ್ಟೆ ಕೆಟ್ಟೀತು, ಅಷ್ಟೇ; ನೀರಿಟ್ಟು ಕಣ್ಣಿಟ್ಟಿರಿ. ಅದೇ 5 ಕೆಜಿಯ ಪಾಮರೇನಿಯನ್ 10 ಗ್ರಾಂ ಕೋಕೋ ಪುಡಿ ನೆಕ್ಕಿದರೆ ಲೆಕ್ಕ 40 ದಾಟುತ್ತದೆ, ಕೂಡಲೇ ಗಾಡಿ ಹತ್ತಿಸಬೇಕು. ನಾಯಿಯ ತೂಕ ಗೊತ್ತಿಲ್ಲದಿದ್ದರೆ ಎತ್ತಿಕೊಂಡು ತೂಕದ ಮಷಿನ್ ಮೇಲೆ ನಿಂತು ನಿಮ್ಮ ತೂಕ ಕಳೆಯಿರಿ. ಚಾಕೊಲೇಟಿನ ಕವರ್ ಬಿಸಾಡಬೇಡಿ, ಡಾಕ್ಟರು ಮೊದಲು ಕೇಳುವುದೇ ಅದನ್ನು. ಕವರ್ ಮೇಲೆ ಕ್ಸೈಲಿಟಾಲ್ ಅಂತ ಕಂಡರೆ ಚಾಕೊಲೇಟಿನ ಲೆಕ್ಕ ಪಕ್ಕಕ್ಕಿಡಿ: ಶುಗರ್-ಫ್ರೀ ತಿಂಡಿಯಲ್ಲಿ ಸಿಹಿಗೆಂದು ಹಾಕುವ ಅದು ಅರ್ಧ ಗಂಟೆಯಲ್ಲೇ ನಾಯಿಯ ರಕ್ತದ ಸಕ್ಕರೆಯನ್ನು ನೆಲಕ್ಕಿಳಿಸಬಲ್ಲದು. ಒಣದ್ರಾಕ್ಷಿ ಇದ್ದರೆ ಕಿಡ್ನಿಯ ಚಿಂತೆ ಬೇರೆ.

ಈಗ ಪೆರಾಕ್ಸೈಡ್. ಕೆಲಸ ಮಾಡುತ್ತದೆಯೇ? ಮಾಡುತ್ತದೆ. ಹೊಟ್ಟೆಯೊಳಗೆ ನೊರೆ ಎದ್ದು ಸಾಮಾನ್ಯವಾಗಿ 10–15 ನಿಮಿಷದಲ್ಲಿ ವಾಂತಿಯಾಗುತ್ತದೆ. ಶೇ. 3ರ ದ್ರಾವಣ ಕೆಜಿಗೆ 1ರಿಂದ 2 ಮಿಲಿ. ನಾಯಿ ಎಷ್ಟೇ ದೊಡ್ಡದಿರಲಿ 45 ಮಿಲಿ ಮೀರಬಾರದು. ಕೈಯಲ್ಲಿರುವುದು 20 ವಾಲ್ಯೂಮಿನದಾದರೆ ಸಮಪಾಲು ಕುಡಿಯುವ ನೀರು ಬೆರೆಸಿದ ಮೇಲೆಯೇ ಈ ಅಳತೆ. 10 ಕೆಜಿಯ ನಾಯಿಗೆ ಬಾಟಲಿಯಿಂದ 5 ಮಿಲಿ, ನೀರು 5 ಮಿಲಿ ಎಂದು ಶುರು ಮಾಡುವುದು ಲೇಸು. ಅದೂ ಡಾಕ್ಟರು ಫೋನಿನಲ್ಲಿ ‘ಕೊಡಿ’ ಎಂದ ಮೇಲೆ. ತಿಂದು ಎರಡು ಗಂಟೆಯೊಳಗಾದರೆ ಹೆಚ್ಚು ಫಲ.

ಇದರ ದೋಷವೂ ಸಣ್ಣದಲ್ಲ. ಸರಿಯಾದ ಅಳತೆಯಲ್ಲಿ ಕೊಟ್ಟರೂ ಜಠರದ ಒಳಪದರ ಕೆರಳಿ ಹುಣ್ಣಾಗುವುದುಂಟು. ತಲೆ ಮೇಲಕ್ಕೆತ್ತಿ ಗಂಟಲಿಗೆ ಸುರಿದರೆ ನೊರೆ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು. ಅದೂ ಪ್ರಾಣ ತೆಗೆಯಬಲ್ಲದು. ಸೂಜಿ ತೆಗೆದ ಸಿರಿಂಜನ್ನು ಕೆನ್ನೆಯ ಸಂದಿಗಿಟ್ಟು ಸ್ವಲ್ಪ ಸ್ವಲ್ಪವೇ ಬಿಡಬೇಕು. ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗೆ, ಆಗಲೇ ನಡುಗುತ್ತಿರುವ ಅಥವಾ ಮಂಕಾದ ನಾಯಿಗೆ ಕೊಡಲೇಬಾರದು. ಬೆಕ್ಕಿಗಂತೂ ಯಾವತ್ತೂ ಇಲ್ಲ.

ನಮ್ಮೂರಿನ ಬಿಸಿಲಿಗೆ ಇನ್ನೊಂದು ತಾಪತ್ರಯ. ಶಾಖಕ್ಕೆ, ಬೆಳಕಿಗೆ ಪೆರಾಕ್ಸೈಡ್ ಒಡೆದು ಬರೀ ನೀರಾಗುತ್ತದೆ. ಹೋದ ವರ್ಷ ತೆರೆದ ಬಾಟಲಿಯನ್ನು ರಾಯಚೂರಿನ ಮೇ ತಿಂಗಳಲ್ಲಿ ಶೆಲ್ಫಿನ ಮೇಲಿಟ್ಟಿದ್ದರೆ ಅದರ ಮೇಲೆ ಭರವಸೆ ಬೇಡ. ಹಸಿ ಆಲೂಗಡ್ಡೆ ಹೋಳಿನ ಮೇಲೆ ಒಂದು ಹನಿ ಬಿಟ್ಟು ನೋಡಿ: ಬಿಳಿ ನೊರೆ ಬುಸುಬುಸು ಎದ್ದರೆ ಜೀವ ಇದೆ, ಹನಿ ಸುಮ್ಮನೆ ಜಾರಿಹೋದರೆ ಮೋರಿಗೆ ಚೆಲ್ಲಿ.

ಇದ್ದಿಲು ಮಾತ್ರೆಯ ವಿಷಯ ಬೇಗ ಮುಗಿಯುತ್ತದೆ: ಕೊಳ್ಳಬೇಡಿ. ಹೊಟ್ಟೆಯ ಗ್ಯಾಸಿಗೆ ಕೊಡುವ ಈ ಮಾತ್ರೆಯಲ್ಲಿ ಸಾಮಾನ್ಯವಾಗಿ 250 ಮಿಲಿಗ್ರಾಂ ಆಕ್ಟಿವೇಟೆಡ್ ಚಾರ್ಕೋಲ್ (ವಿಶೇಷವಾಗಿ ಸಂಸ್ಕರಿಸಿದ ಇದ್ದಿಲು) ಇರುತ್ತದೆ. ವಿಷ ಹೀರಲು ಬೇಕಾದದ್ದು ಕೆಜಿಗೆ 1ರಿಂದ 2 ಗ್ರಾಂ. ಅಂದರೆ 10 ಕೆಜಿಯ ನಾಯಿಗೆ 40ರಿಂದ 80 ಮಾತ್ರೆ! ಪುಡಿಯ ರೂಪದ್ದು ಒಳ್ಳೆಯ ಮದ್ದು, ಥಿಯೋಬ್ರೊಮಿನ್ ಕರುಳಿಗೆ ಮರಳಿ ಬರುವುದರಿಂದ ಡಾಕ್ಟರು ಒಂದಕ್ಕಿಂತ ಹೆಚ್ಚು ಸಲ ಕೊಡುವುದೂ ಉಂಟು. ಆದರೆ ಅದು ಅವರ ಕೈಯಲ್ಲೇ ಇರಲಿ, ಏಕೆಂದರೆ ರಕ್ತದ ಸೋಡಿಯಂ ಏರುವ ಅಪಾಯವಿದೆ. ಕ್ಸೈಲಿಟಾಲನ್ನು ಅದು ಅಷ್ಟಾಗಿ ಹಿಡಿಯುವುದೂ ಇಲ್ಲ. ಒಲೆಯ ಇದ್ದಿಲು ಅರೆದು ಕುಡಿಸುವವರಿಗೆ ಒಂದೇ ಮಾತು, ಅದು ಈ ಇದ್ದಿಲಲ್ಲ.

ಅಡುಗೆಮನೆಯ ಮದ್ದುಗಳಿಗೆ ಸೊನ್ನೆ ಅಂಕ. ಉಪ್ಪುನೀರು ತಾನೇ ವಿಷವಾಗುತ್ತದೆ. ಹಾಲು, ತುಪ್ಪ ಯಾವ ವಿಷವನ್ನೂ ಮುರಿಯುವುದಿಲ್ಲ. ಚಾಕೊಲೇಟಿನ ಜಿಡ್ಡಿಗೆ ಇನ್ನಷ್ಟು ಜಿಡ್ಡು ಸೇರಿ ಮೇದೋಜೀರಕ ಗ್ರಂಥಿ ಊದಿಕೊಂಡೀತು. ಗಂಟಲಿಗೆ ಬೆರಳು ಹಾಕಿದರೆ ಕಚ್ಚಿಸಿಕೊಳ್ಳುತ್ತೀರಿ.

ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಬಹುದು, ಹಣ ಬೇಕಿಲ್ಲ. ಆದರೆ ಅದರ ಸಂಚಾರಿ ಚಿಕಿತ್ಸಾ ಗಾಡಿಗಳ ಮುಖ್ಯ ಕೆಲಸ ದನಕರುಗಳದ್ದು. ರಾತ್ರಿ ಹತ್ತಕ್ಕೆ ಬರ್ತ್‌ಡೇ ಕೇಕ್ ತಿಂದ ನಾಯಿಗೆ ಅದೊಂದನ್ನೇ ನೆಚ್ಚಬೇಡಿ. ನಿಮ್ಮೂರಿನ ದನದ ದವಾಖಾನೆಯ ಡಾಕ್ಟರ ನಂಬರು, ರಾತ್ರಿ ಫೋನ್ ಎತ್ತುವ ಖಾಸಗಿ ಡಾಕ್ಟರ ನಂಬರು ಎರಡೂ ಮೊದಲೇ ಇಟ್ಟುಕೊಳ್ಳಿ. ಲಕ್ಷಣ ಕಾಣಲು ಹೆಚ್ಚಾಗಿ 6ರಿಂದ 12 ಗಂಟೆ ಹಿಡಿಯುತ್ತದೆ, ‘ಆರಾಮ ಐತಿ’ ಎಂದು ಮಲಗಿ ಬೆಳಗ್ಗೆ ಎದ್ದರೆ ಹೊತ್ತು ಮೀರಿರುತ್ತದೆ. ಬೇಸಿಗೆಯಲ್ಲಂತೂ ಏದುಸಿರು ಸೆಕೆಗೋ ವಿಷಕ್ಕೋ ತಿಳಿಯುವುದಿಲ್ಲ. ನೆರಳಲ್ಲಿ ಮಲಗಿದ ಮೇಲೂ ಏದುಸಿರು ಇಳಿಯದೆ, ಎದೆಬಡಿತ ಕೈಗೆ ಸಿಗದಷ್ಟು ಓಡುತ್ತಿದ್ದರೆ ಹೊರಡಿ.

ಬಳ್ಳಾರಿ ಊರೊಳಗಿದ್ದು ಡಾಕ್ಟರು ಹತ್ತು ನಿಮಿಷದ ದಾರಿಯಲ್ಲಿದ್ದರೆ ಬಾಟಲಿ ಬೇಕಿಲ್ಲ, ಅವರ ಇಂಜೆಕ್ಷನ್ನಿನ ವಾಂತಿಯೇ ವಾಸಿ. ಸಿರುಗುಪ್ಪ, ಸಂಡೂರು, ಮಾನ್ವಿ ಕಡೆಯ ತೋಟದ ಮನೆಯಲ್ಲಿದ್ದರೆ ಒಂದು ಇಟ್ಟುಕೊಳ್ಳಿ: ಕಪ್ಪು ಬಾಟಲಿ, ಕತ್ತಲೆಯ ಜಾಗ, ಪಕ್ಕದಲ್ಲಿ 20 ಮಿಲಿ ಸಿರಿಂಜು, ಬಾಟಲಿಗೆ ಅಂಟಿಸಿದ ಚೀಟಿಯಲ್ಲಿ ನಾಯಿಯ ತೂಕ ಮತ್ತು ತೆರೆದ ತಾರೀಖು.